ತಟ್ಟೆ ತುಂಬ ನೀರಿದ್ದರೂ ಒಣಗುವ ಆಮೆ: ಹಿತ್ತಲಿನಲ್ಲಿ ದೋಷ ಹುಡುಕುವ ಬಗೆ

ಪ್ರತಿದಿನ ತಪ್ಪದೆ ತಟ್ಟೆ ತುಂಬಿಸುತ್ತೀರಿ. ಮರುದಿನ ನೋಡಿದರೆ ನೀರು ಇಳಿದಿರುತ್ತದೆ, ಸದ್ಯ ಕುಡಿಯುತ್ತಿದೆಯಲ್ಲ ಎಂದು ನೆಮ್ಮದಿಯಾಗುತ್ತದೆ. ಆದರೆ ಆಮೆ ಮೇವು ಬಿಟ್ಟಿದೆ, ಬಿಲದಿಂದ ಹೊರಗೆ ಬರುವುದು ಕಡಿಮೆಯಾಗಿದೆ, ಎತ್ತಿದರೆ ಮೊದಲಿನ ಭಾರವಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್, ಚಾಂಡ್ಲರ್, ಟೂಸಾನ್ ಕಡೆ ಹಿತ್ತಲಿನಲ್ಲಿ ಆಮೆ ಸಾಕಿರುವವರಿಗೆ ಮೇ–ಜೂನ್ ತಿಂಗಳಲ್ಲಿ ಎದುರಾಗುವ ತೊಂದರೆ ಇದು. ಇಂಥ ಹೊತ್ತಿನಲ್ಲಿ ಎಲ್ಲರೂ ಆಮೆಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಮೊದಲು ಪರೀಕ್ಷೆಗೆ ಒಳಪಡಬೇಕಾದದ್ದು ಹಿತ್ತಲು. ನಲ್ಲಿಯಿಂದ ಹೊರಟ ನೀರು ಆಮೆಯ ಮೂತ್ರಕೋಶ ಸೇರಿ ಅಲ್ಲಿ ಉಳಿಯುವ ತನಕ ಒಂದು ದಾರಿಯಿದೆ; ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಬಿದ್ದಿರುತ್ತದೆ. ಅದನ್ನು ಕ್ರಮವಾಗಿ ಹುಡುಕಬಹುದು.

ಇಲ್ಲಿನ ಹಿತ್ತಲುಗಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಜಾತಿ. ಒಂದು ಈ ನೆಲದ್ದೇ ಆದ ಸೊನೋರನ್ ಮರುಭೂಮಿ ಆಮೆ. ಇದು ಬೇರೆಯದೇ ಪ್ರಭೇದ ಎಂದು ವಿಜ್ಞಾನಿಗಳು ಗುರುತಿಸಿ ಗೋಫೆರಸ್ ಮೊರಾಫ್ಕಾಯ್ ಎಂಬ ಹೆಸರು ಕೊಟ್ಟಿದ್ದು 2011ರಲ್ಲಿ. ಕಾಡಿನಿಂದ ಹಿಡಿದು ತರುವಂತಿಲ್ಲ. ರಾಜ್ಯದ ವನ್ಯಜೀವಿ ಇಲಾಖೆಯಾದ ಅರಿಜೋನಾ ಗೇಮ್ ಅಂಡ್ ಫಿಶ್ ನಡೆಸುವ ದತ್ತು ಯೋಜನೆಯ ಮೂಲಕ ಪಡೆಯಬೇಕು, ಮರಿ ಮಾಡಿಸುವಂತಿಲ್ಲ. ಇನ್ನೊಂದು ಆಫ್ರಿಕಾದ ಸಹೇಲ್ ಪ್ರದೇಶದ ಸುಲ್ಕಾಟಾ. ಅಂಗೈಯಗಲದ ಮರಿಯಾಗಿ ಮನೆಗೆ ಬಂದು ಕೆಲವೇ ವರ್ಷಗಳಲ್ಲಿ ಗೋಡೆಯ ಬುಡ ತೋಡುವಷ್ಟು ಬೆಳೆಯುವ ಪ್ರಾಣಿ. ಊರಿನಲ್ಲಿರುವವರು ಇದನ್ನು ಓದಿ ನಕ್ಷತ್ರ ಆಮೆಯನ್ನು ಮನೆಗೆ ತರುವ ಯೋಚನೆ ಮಾಡಬಾರದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ.

ದೋಷ ತಡವಾಗಿ ಕಾಣುವುದೇಕೆ

ಮರುಭೂಮಿ ಆಮೆಯ ಮೂತ್ರಕೋಶ ಕಸ ಹೊರಹಾಕುವ ಚೀಲವಷ್ಟೇ ಅಲ್ಲ, ಅದು ನೀರಿನ ದಾಸ್ತಾನು ಕೂಡ. ಮಳೆ ಬಿದ್ದಾಗ ಹೊಟ್ಟೆ ತುಂಬ ಕುಡಿದು, ತೆಳುವಾದ ಮೂತ್ರದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಆ ನೀರನ್ನೇ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡಂತೆಲ್ಲ ಉಳಿದ ಮೂತ್ರ ಗಟ್ಟಿಯಾಗುತ್ತ ಹೋಗುತ್ತದೆ. ವರ್ಷಕ್ಕೆ ಸುಮಾರು 18 ಸೆಂಟಿಮೀಟರ್ ಮಳೆ ಬೀಳುವ ಫೀನಿಕ್ಸ್‌ನಂಥ ಕಡೆ ಬದುಕಲು ಇದೇ ಉಪಾಯ.

ಸಾಕುವವರಿಗೆ ಇದರಿಂದ ಆಗುವ ತೊಡಕೆಂದರೆ ಹೊರಗಿನ ಲಕ್ಷಣಗಳು ಬಹಳ ತಡವಾಗಿ ಬರುತ್ತವೆ. ಕಣ್ಣು ಗುಳಿ ಬಿದ್ದಿದೆ, ಕತ್ತಿನ ಚರ್ಮ ಸಡಿಲವಾಗಿ ಮಡಿಕೆ ನಿಂತಿದೆ, ಬಾಯಲ್ಲಿ ಅಂಟು ಜೊಲ್ಲಿದೆ ಎನ್ನುವ ಹಂತಕ್ಕೆ ಬಂದಿದ್ದರೆ ದಾಸ್ತಾನು ಆಗಲೇ ಬರಿದಾಗಿದೆ ಎಂದರ್ಥ. ಅಂಥ ಆಮೆಗೆ ಈ ಬರಹದ ಮುಂದಿನ ಪರೀಕ್ಷೆಗಳು ಬೇಡ, ಅಂದೇ ಪಶುವೈದ್ಯರ ಬಳಿ ಕರೆದೊಯ್ಯಿರಿ.

ಮೇವು ಬಿಡುವುದಕ್ಕೂ ನೀರಿಗೂ ನೇರ ಸಂಬಂಧವಿದೆ. ಸೊಪ್ಪು ಹುಲ್ಲಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿರುತ್ತದೆ. ಕಡಲ ಹಕ್ಕಿಗಳಿಗೂ ಕೆಲವು ಹಲ್ಲಿ ಜಾತಿಗಳಿಗೂ ಇರುವಂಥ ಉಪ್ಪು ಹೊರಹಾಕುವ ಗ್ರಂಥಿ ಈ ಆಮೆಗಳಿಗಿಲ್ಲ. ಆ ಪೊಟ್ಯಾಸಿಯಂ ಮೂತ್ರದ ಜೊತೆಗೇ ಹೋಗಬೇಕು. ಮೂತ್ರಕೋಶ ಗಟ್ಟಿ ದ್ರವದಿಂದ ತುಂಬಿದ್ದರೆ ಇನ್ನಷ್ಟು ತಿನ್ನುವುದೇ ಆಮೆಗೆ ಅಪಾಯ, ಹಾಗಾಗಿ ತಿನ್ನುವುದನ್ನೇ ನಿಲ್ಲಿಸುತ್ತದೆ. ಕಾಡಿನಲ್ಲಿ ಮಳೆ ಬಂದ ಕೂಡಲೇ ಆಮೆಗಳು ಹೊರಬಂದು ಕುಡಿದು, ಹಳೆಯ ಮೂತ್ರ ಚೆಲ್ಲಿ, ಹೊಸ ನೀರು ತುಂಬಿಕೊಂಡು, ಆಮೇಲೆ ಅದೇ ಒಣ ಹುಲ್ಲನ್ನು ಮತ್ತೆ ಮೇಯತೊಡಗುವುದನ್ನು ಸಂಶೋಧಕರು ಕಂಡಿದ್ದಾರೆ. ಆದ್ದರಿಂದ ಜೂನ್ ತಿಂಗಳಲ್ಲಿ ಮೇವು ಬಿಟ್ಟ ಆಮೆಯ ಮುಂದೆ ಬಗೆಬಗೆಯ ತಿನಿಸು ಹರಡಿ ಪ್ರಯೋಜನವಿಲ್ಲ. ನೀರು ಮೊದಲು, ಮೇವು ನಂತರ.

ಮೊದಲ ಪರೀಕ್ಷೆ: ಬಿಳಿ ಗಸಿ

ಆಮೆ ಮೂತ್ರ ಮಾಡಿದಾಗ ನೀರಿನ ಜೊತೆ ಬಿಳಿಯ ಗಸಿಯೊಂದು ಬರುತ್ತದೆ. ಅದು ಯೂರಿಕ್ ಆಮ್ಲ ಮತ್ತು ಅದರ ಲವಣಗಳು, ವೈದ್ಯರು ಯೂರೇಟ್ ಎನ್ನುತ್ತಾರೆ. ಆಮೆಯೊಳಗಿನ ನೀರಿನ ಲೆಕ್ಕವನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಈ ಗಸಿ. ಇದನ್ನು ನೋಡಲು ಸುಲಭದ ದಾರಿ, ಆಮೆಯನ್ನು ಬೋಗುಣಿಯಲ್ಲಿ ನೆನೆಸುವುದು.

ಅಡುಗೆಮನೆಯದಲ್ಲದ, ಇದಕ್ಕೆಂದೇ ಮೀಸಲಿಟ್ಟ ಅಗಲ ಪ್ಲಾಸ್ಟಿಕ್ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ. ಆಮೆ ತಲೆ ತಗ್ಗಿಸಿದಾಗ ಗಲ್ಲ ನೀರಿಗೆ ತಾಗಬೇಕು, ತಲೆ ಎತ್ತಿದರೆ ಮೂಗು ಸಂಪೂರ್ಣ ಹೊರಗಿರಬೇಕು. ಅದಕ್ಕಿಂತ ಆಳ ಬೇಡ. ನೆರಳಿನಲ್ಲಿಟ್ಟು ಹದಿನೈದರಿಂದ ಮೂವತ್ತು ನಿಮಿಷ ಬಿಡಿ. ಮೊದಲ ಕೆಲವು ನಿಮಿಷ ಅಂಚು ಹತ್ತಲು ಒದ್ದಾಡುತ್ತದೆ. ಆಮೇಲೆ ಕತ್ತು ಚಾಚಿ, ಮೂತಿಯನ್ನು ಮೂಗಿನ ತನಕ ನೀರಿನೊಳಗೆ ಇಳಿಸಿ ಅಲ್ಲಾಡದೆ ನಿಂತುಬಿಡುತ್ತದೆ. ಏನೂ ಮಾಡುತ್ತಿಲ್ಲವೇನೋ ಎನ್ನಿಸುತ್ತದೆ. ಗಂಟಲ ಕೆಳಗಿನ ಚರ್ಮವನ್ನು ಗಮನಿಸಿ: ಅದು ಒಂದೇ ಗತಿಯಲ್ಲಿ ಉಬ್ಬಿ ಇಳಿಯುತ್ತಿರುತ್ತದೆ. ಅದೇ ಕುಡಿತ. ನಾಯಿಯಂತೆ ನಾಲಿಗೆಯಿಂದ ನೆಕ್ಕುವುದಿಲ್ಲ, ನೀರನ್ನು ಒಳಗೆಳೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸರಿಯಾಗಿ ಕುಡಿಯುವ ಹೊತ್ತಿಗೇ ಆಮೆಯನ್ನು ಎತ್ತಿಬಿಡುತ್ತಾರೆ.

ಸ್ವಲ್ಪ ಹೊತ್ತಿಗೆ ನೀರು ಕಲಕಿ ಗಸಿ ಹೊರಬರುತ್ತದೆ. ಕೈಗವಸು ಹಾಕಿಕೊಂಡು ಅದನ್ನು ಬೆರಳ ನಡುವೆ ಉಜ್ಜಿ. ನೀರಿನಲ್ಲಿ ಕರಗಿದಂತೆ ಹರಡಿದರೆ, ಅಥವಾ ಬೆಣ್ಣೆಯಷ್ಟು ಮೆತ್ತಗಿದ್ದರೆ ಚಿಂತೆಯಿಲ್ಲ. ದಪ್ಪವಾಗಿ ಎಳೆಯಾಗಿ ಬಂದರೆ ನೀರು ಸಾಲುತ್ತಿಲ್ಲ. ಮರಳಿನಂತೆ ತರಿತರಿಯಾಗಿದ್ದರೆ, ಒಣಗಿದ ಮೇಲೆ ಹಿಟ್ಟಾಗುವ ಬದಲು ಗಟ್ಟಿ ಹರಳಾದರೆ ದೋಷ ಬಹಳ ದಿನದ್ದು. ಫೋಟೋ ತೆಗೆದಿಡಿ, ವೈದ್ಯರಿಗೆ ಬೇಕಾಗುತ್ತದೆ. ಬೋಗುಣಿಯ ನೀರನ್ನು ತರಕಾರಿ ಮಡಿಗೆ ಸುರಿಯಬೇಡಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಆಮೆಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದು ಸಾಮಾನ್ಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮಾತು ಎರಡು ಪಟ್ಟು.

ಗಸಿಯ ಜೊತೆಗೆ ತೂಕವನ್ನೂ ಬರೆದಿಡುವುದು ಒಳ್ಳೆಯದು. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ. ನೆನೆಸುವ ಮೊದಲು ಮತ್ತು ನಂತರ ತೂಗಿದರೆ ಕುಡಿದದ್ದೆಷ್ಟು ಎಂಬ ಅಂದಾಜು ಸಿಗುತ್ತದೆ, ಆದರೆ ನಡುವೆ ಮೂತ್ರ ಮಾಡಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ. ಒಂದು ದಿನದ ತೂಕಕ್ಕಿಂತ ತಿಂಗಳುಗಳ ಏರಿಳಿತ ಮುಖ್ಯ.

ಗಸಿ ಕೆಟ್ಟಿದ್ದರೆ ಹಿತ್ತಲಿಗೆ ಬನ್ನಿ

ತಟ್ಟೆಯ ನೀರು ಇಳಿದಿದೆ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಜೂನ್ ತಿಂಗಳ ಫೀನಿಕ್ಸ್‌ನಲ್ಲಿ ಬಿಸಿಲಿಗಿಟ್ಟ ಅಗಲ ತಟ್ಟೆಯಿಂದ ದಿನಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ನೀರು ಆವಿಯಾಗಿಯೇ ಹೋಗುತ್ತದೆ. ಮಿಕ್ಕದ್ದು ಪಾರಿವಾಳ, ಗುಬ್ಬಿ, ಕ್ವೇಲ್ ಹಕ್ಕಿಗಳ ಪಾಲು. ಆಮೆ ಒಂದು ಗುಟುಕೂ ಕುಡಿಯದಿದ್ದರೂ ತಟ್ಟೆ ಖಾಲಿಯಾಗುತ್ತದೆ. ಸತ್ಯ ತಿಳಿಯಬೇಕಾದರೆ ತಟ್ಟೆಯ ಸುತ್ತ ಎರಡು ಗೇಣು ಅಗಲಕ್ಕೆ ನುಣ್ಣನೆಯ ಮರಳು ಹರಡಿ, ಸಂಜೆ ಕೈಯಿಂದ ಸಮ ಮಾಡಿ ಬಿಡಿ. ಆಮೆ ಬಂದಿದ್ದರೆ ಹೆಜ್ಜೆಯ ಸಾಲು ತಪ್ಪದೆ ಕಾಣುತ್ತದೆ. ಹಕ್ಕಿಯ ಕಾಲ್ಗುರುತು ಬೇರೆ, ಬೆಕ್ಕಿನದು ಬೇರೆ. ಕ್ಯಾಮೆರಾ ಇಟ್ಟರೂ ಆದೀತು, ಆದರೆ ಮರಳು ಮೋಸ ಮಾಡುವುದಿಲ್ಲ, ಬ್ಯಾಟರಿಯೂ ಬೇಡ. ನಾಲ್ಕೈದು ದಿನ ಹೆಜ್ಜೆ ಮೂಡಲಿಲ್ಲ ಎಂದರೆ ನೀರಿದೆ, ಆಮೆ ಬರುತ್ತಿಲ್ಲ.

ಬರದಿರಲು ಬಹುಮುಖ್ಯ ಕಾರಣ ದಾರಿಯ ಕಾವು. ಇಲ್ಲಿನ ಹಿತ್ತಲುಗಳಲ್ಲಿ ಹುಲ್ಲಿಗಿಂತ ಜಲ್ಲಿಯೇ ಹೆಚ್ಚು. 2023ರಲ್ಲಿ ಫೀನಿಕ್ಸ್ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪ ಕಂಡಿತು. ಗಾಳಿಯೇ ಅಷ್ಟಿದ್ದ ದಿನ ಬಿಸಿಲು ಬಿದ್ದ ಜಲ್ಲಿ, ಸಿಮೆಂಟು ಅಂಗಳ ಮುಟ್ಟಲಾಗದಷ್ಟು ಸುಡುತ್ತವೆ. ಹೊಟ್ಟೆಯನ್ನು ನೆಲಕ್ಕೆ ಹತ್ತಿರವಿಟ್ಟು ನಡೆಯುವ ಪ್ರಾಣಿ ಅದನ್ನು ದಾಟಲಾರದು. ಚಾಂಡ್ಲರ್‌ನ ಪರಿಚಯದವರೊಬ್ಬರ ಹಿತ್ತಲಿನಲ್ಲಿ ಆಗಿದ್ದು ಇದೇ. ಹಿಂದಿನ ವರ್ಷದ ತನಕ ಸರಿಯಿದ್ದ ತಟ್ಟೆ, ಅದೇ ಜಾಗ, ಅದೇ ಆಮೆ. ಬೇಲಿಯ ಪೊದೆಯನ್ನು ಚಳಿಗಾಲದಲ್ಲಿ ಬುಡದ ತನಕ ಕತ್ತರಿಸಿದ್ದರಿಂದ ಬಿಲಕ್ಕೂ ತಟ್ಟೆಗೂ ನಡುವಿನ ಹತ್ತು ಹೆಜ್ಜೆ ದಾರಿಯ ನೆರಳು ಹೋಗಿತ್ತು. ತಟ್ಟೆಯನ್ನು ಬಿಲದ ಬಾಯಿಯ ಹತ್ತಿರಕ್ಕೆ, ಮೆಸ್ಕೀಟ್ ಮರದ ನೆರಳಿಗೆ ಸರಿಸಿದ ಮೇಲೆ ಮರಳಿನಲ್ಲಿ ಹೆಜ್ಜೆ ಮೂಡಿತು.

ಹೊತ್ತೂ ಅಷ್ಟೇ ಮುಖ್ಯ. ಬೇಸಿಗೆಯಲ್ಲಿ ಆಮೆ ಹೊರಗಿರುವುದು ನಸುಕಿನಲ್ಲಿ ಸ್ವಲ್ಪ, ಇಳಿ ಸಂಜೆ ಸ್ವಲ್ಪ. ಕೆಲಸ ಮುಗಿಸಿ ಬಂದು ರಾತ್ರಿ ಎಂಟಕ್ಕೆ ತುಂಬಿಸಿದ ತಟ್ಟೆಯಲ್ಲಿ ಬೆಳಗಿನ ಹೊತ್ತಿಗೆ ನೀರಿದ್ದರೆ ಸರಿ. ಮಧ್ಯಾಹ್ನಕ್ಕೆ ಒಣಗಿ, ಸಂಜೆ ಆರಕ್ಕೆ ಆಮೆ ಬಂದಾಗ ಬರಿದಾಗಿದ್ದರೆ ಸರಿಯಲ್ಲ. ಸೂರ್ಯ ಹುಟ್ಟುವ ಮೊದಲು ತುಂಬಿಸುವುದೇ ಉತ್ತಮ. ಪೈಪಿನಿಂದ ತುಂಬಿಸುವುದಾದರೆ ಮೊದಲು ಬರುವ ನೀರನ್ನು ಬೇರೆಡೆ ಬಿಟ್ಟು, ಕೈ ಹಿಡಿದು ನೋಡಿ. ಬಿಸಿಲಿನಲ್ಲಿ ಬಿದ್ದ ಪೈಪಿನೊಳಗಿನ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ.

ಇನ್ನು ತಟ್ಟೆ. ಹೂಕುಂಡದ ಕೆಳಗಿಡುವ, ಹೊಳಪು ಹಚ್ಚದ ಅಗಲ ಮಣ್ಣಿನ ತಟ್ಟೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ನೆಲ ತೋಡಿ, ಅಂಚು ಮಣ್ಣಿಗೆ ಸಮನಾಗುವಂತೆ ಹೂತಿಡಬೇಕು. ಅಂಚು ನಾಲ್ಕು ಬೆರಳು ಎದ್ದು ನಿಂತಿದ್ದರೆ ಮರಿ ಆಮೆಗೆ ಅದು ಕೋಟೆಗೋಡೆ. ದೊಡ್ಡದು ಹತ್ತಲು ಹೋಗಿ ಅಂಗಾತ ಬಿದ್ದರೆ ಬಿಸಿಲಿನಲ್ಲಿ ಪ್ರಾಣವೇ ಹೋಗಬಹುದು. ಪಿಂಗಾಣಿ, ಸ್ಟೀಲು ಜಾರುತ್ತವೆ. ಆಮೆ ಇಡಿಯಾಗಿ ಒಳಗೆ ಬಂದು ನಿಲ್ಲುವಷ್ಟು ಅಗಲ ಬೇಕು, ಆಳ ಬೇಡ. ಆಮೆಗಳು ಈಜಲಾರವು, ಮುಳುಗುತ್ತವೆ. ಈಜುಕೊಳವಿರುವ ಮನೆಗಳಲ್ಲಿ ಅದಕ್ಕೆ ಬೇಲಿ ಇಲ್ಲದೆ ಆಮೆ ಬಿಡಲೇಬಾರದು.

ತಟ್ಟೆಯ ಹತ್ತಿರ ಬಂದ ಹೆಜ್ಜೆ ಅಲ್ಲಿಂದಲೇ ತಿರುಗಿ ಹೋಗಿದ್ದರೆ ನೀರಿನಲ್ಲೇ ಏನೋ ಇದೆ. ಆಮೆ ನೀರಿಗಿಳಿದ ಕೂಡಲೇ ಅದರಲ್ಲೇ ಮಲಮೂತ್ರ ಮಾಡುವುದು ಸಹಜ, ಹಾಗಾಗಿ ದಿನವೂ ಚೆಲ್ಲಿ, ಉಜ್ಜಿ ತೊಳೆದು ಹೊಸ ನೀರು ಹಾಕಬೇಕು. ಇದ್ದ ನೀರಿನ ಮೇಲೆ ಸುರಿದರೆ ಸಾಲದು. ಪಾಚಿ, ಸೊಳ್ಳೆಮರಿ ಕಂಡರೆ ತೊಳೆಯುವುದು ತಪ್ಪಿದೆ ಎಂದರ್ಥ. ಕಣಗಿಲೆ ಬೇಲಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಫೀನಿಕ್ಸ್‌ನ ಹಳೆಯ ಬಡಾವಣೆಗಳ ತುಂಬ ಅದೇ ಬೇಲಿ. ನಮ್ಮೂರಿನಲ್ಲಿ ದೇವರ ಪೂಜೆಗೆ ಕೊಯ್ಯುವ ಅದೇ ಹೂವು. ಗಿಡದ ಎಲ್ಲ ಭಾಗವೂ ವಿಷ, ಎಲೆ ಉದುರಿ ನೆನೆದ ನೀರೂ ವಿಷವೇ. ಅದರ ಕೆಳಗೆ ತಟ್ಟೆ ಇಡಬೇಡಿ, ಸಾಧ್ಯವಾದರೆ ಆಮೆಯ ಆವರಣದಿಂದ ಆ ಗಿಡವನ್ನೇ ತೆಗೆಯಿಸಿ.

ಕುಡಿದರೂ ಉಳಿಯದ ನೀರು

ಹೆಜ್ಜೆ ಮೂಡುತ್ತಿದೆ, ಕುಡಿಯುವುದನ್ನು ಕಣ್ಣಾರೆ ಕಂಡಿದ್ದೀರಿ, ಆದರೂ ಗಸಿ ತರಿಯಾಗಿದೆ. ಆಗ ನೀರು ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಮೊದಲ ಅನುಮಾನ ಬಿಲದ ಮೇಲೆ. ಮರುಭೂಮಿ ಆಮೆ ತನ್ನ ಆಯುಷ್ಯದ ಬಹುಪಾಲನ್ನು ಬಿಲದಲ್ಲೇ ಕಳೆಯುತ್ತದೆ. ತಂಪಿಗಷ್ಟೇ ಅಲ್ಲ, ಒಳಗಿನ ಗಾಳಿಯ ತೇವಕ್ಕಾಗಿ ಕೂಡ. ಒಣ ಗಾಳಿಯಲ್ಲಿ ಪ್ರತಿ ಉಸಿರಿನ ಜೊತೆಗೂ ನೀರು ಹೋಗುತ್ತದೆ. ತಗಡು ಅಥವಾ ಪ್ಲಾಸ್ಟಿಕ್ ಹೊದಿಸಿ ಮೇಲೆ ತೆಳುವಾಗಿ ಮಣ್ಣು ಹರಡಿದ ಗೂಡು ಹೆಸರಿಗೆ ಬಿಲ, ಕೆಲಸದಲ್ಲಿ ಒಲೆ. ಬೇಸಿಗೆಯ ಮಧ್ಯಾಹ್ನ ಮೂರಕ್ಕೆ ಒಂದು ಥರ್ಮಾಮೀಟರನ್ನು ಕೋಲಿಗೆ ಕಟ್ಟಿ ಬಿಲದ ತುದಿಯ ತನಕ ಇಳಿಸಿ ನೋಡಿ. ಹೊರಗಿನ ನೆರಳಿಗೂ ಬಿಲದ ತುದಿಗೂ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಬಿಲವನ್ನು ಆಳ ಮಾಡಿ, ಮೇಲೆ ಒಂದು ಗೇಣಿಗೂ ಹೆಚ್ಚು ಮಣ್ಣು ಹಾಕಿ, ಬಾಯಿಗೆ ಪಡುವಣ ಬಿಸಿಲು ಹೊಡೆಯದಂತೆ ಮಾಡಿ. ಬಿಲದ ಮೇಲಿನ ಮಣ್ಣಿಗೆ ಸಂಜೆ ಸ್ವಲ್ಪ ನೀರು ಚಿಮುಕಿಸಿದರೆ ಒಳಗೆ ತೇವ ನಿಲ್ಲುತ್ತದೆ, ಆದರೆ ಒಳಗೆ ಕೆಸರಾಗಬಾರದು.

ಸುಲ್ಕಾಟಾದ ವಿಷಯದಲ್ಲಿ ಸೋರಿಕೆ ಚಳಿಗಾಲದಲ್ಲೂ ಆಗುತ್ತದೆ, ಇದನ್ನು ಬಹಳ ಜನ ಊಹಿಸುವುದೇ ಇಲ್ಲ. ಮರುಭೂಮಿ ಆಮೆಯಂತೆ ಅದು ಚಳಿನಿದ್ದೆಗೆ ಹೋಗುವುದಿಲ್ಲ. ರಾತ್ರಿಗೆ ಬೆಚ್ಚನೆಯ ಪೆಟ್ಟಿಗೆ ಬೇಕು. ಮೇಲಿನಿಂದ ಒಂದೇ ಸಮನೆ ಉರಿಯುವ ದೀಪವಿಟ್ಟ ಪೆಟ್ಟಿಗೆಯಲ್ಲಿ ಗಾಳಿ ಪೂರ್ತಿ ಒಣಗಿ, ಜನವರಿಯಲ್ಲೂ ಗಸಿ ಗಟ್ಟಿಯಾಗುತ್ತದೆ. ಪೆಟ್ಟಿಗೆಯೊಳಗೆ ಆಮೆ ಮಗುಚದಂಥ ನೀರಿನ ಪಾತ್ರೆ ಇಡಿ, ಬಿಸಿಲೇರಿದ ಮೇಲೆ ನೆನೆಸಿ.

ಮೇವೂ ನೀರೇ. ಗರಿಕೆ ಹುಲ್ಲು, ದಾಸವಾಳದ ಹೂ ಎಲೆ, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿಯ ಎಳೆ ಎಲೆ ಎಲ್ಲವೂ ಇಲ್ಲಿನ ಹಿತ್ತಲಿನಲ್ಲಿ ಬೆಳೆಯುತ್ತವೆ. ಬರ್ಮುಡಾ ಹುಲ್ಲು ಎಂದು ಇಲ್ಲಿ ಮಾರುವುದು ನಮ್ಮ ಗರಿಕೆಯೇ. ಬೇಸಿಗೆಯಲ್ಲಿ ಕೊಯ್ದ ಸೊಪ್ಪನ್ನು ನೀರಿನಲ್ಲಿ ಅದ್ದಿ ಹಾಗೆಯೇ ಇಟ್ಟರೆ ಸಾಕು. ಸುಲ್ಕಾಟಾಕ್ಕೆ ಬರಿಯ ಒಣಹುಲ್ಲು ಹಾಕಿ ನೀರು ಕಡಿಮೆ ಮಾಡುವುದು ಮೂತ್ರಕೋಶದ ಕಲ್ಲಿಗೆ ಆಹ್ವಾನ. ನೀರಿನಂಶ ಇದೆಯೆಂದು ಕಲ್ಲಂಗಡಿ, ಹಣ್ಣುಗಳನ್ನು ಸುರಿಯುವುದೂ ಬೇಡ, ಹೊಟ್ಟೆ ಕೆಟ್ಟು ಭೇದಿಯಾದರೆ ಇದ್ದ ನೀರೂ ಹೋಗುತ್ತದೆ.

ಇನ್ನೊಂದು ಸೋರಿಕೆಗೆ ಕಾರಣ ನಾವೇ. ಮರುಭೂಮಿ ಆಮೆ ಹೆದರಿದರೆ ಮೂತ್ರಕೋಶವನ್ನು ಒಮ್ಮೆಗೇ ಬರಿದು ಮಾಡುತ್ತದೆ. ಮಕ್ಕಳು ಗೆಳೆಯರಿಗೆ ತೋರಿಸಲೆಂದು ಹಿಂದಿನಿಂದ ಹೋಗಿ ಸರಕ್ಕನೆ ಎತ್ತಿದರೆ ತಿಂಗಳುಗಳ ದಾಸ್ತಾನು ಅಂಗಳದ ಪಾಲು. ಎತ್ತಲೇಬೇಕಾದರೆ ಮುಂದಿನಿಂದ ಹೋಗಿ, ಎರಡು ಕೈಯಲ್ಲಿ, ನೆಲಕ್ಕೆ ಸಮಾನಾಂತರವಾಗಿ, ತೀರ ಮೇಲಕ್ಕೆ ಒಯ್ಯದೆ ಎತ್ತಿ. ಮೂತ್ರ ಹೋಯಿತೆಂದರೆ ಅಂದೇ ನೆನೆಸಿ. ಬೆಟ್ಟದ ಹಾದಿಯಲ್ಲಿ ಕಾಡು ಆಮೆ ಕಂಡರೆ ಮುಟ್ಟುವುದೇ ಬೇಡ. ಅದನ್ನು ನೆನೆಸಲು ಅಲ್ಲಿ ಯಾರಿರುತ್ತಾರೆ?

ಹಿತ್ತಲಿನ ದೋಷವಲ್ಲದಿದ್ದರೆ

ಕುಡಿದ ಮೇಲೆ ಮೂಗಿನಿಂದ ನೀರು ಒಸರುವುದು, ಒಂದೆರಡು ಗುಳ್ಳೆ ಬರುವುದು ಸಹಜ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನೀರು ಮುಟ್ಟದ ಹೊತ್ತಿನಲ್ಲೂ ಮೂಗು ಒದ್ದೆಯಿದ್ದು, ಕಣ್ಣಿನ ರೆಪ್ಪೆ ಊದಿಕೊಂಡು, ಉಸಿರಿಗೆ ಶಬ್ದ ಬರುತ್ತಿದ್ದರೆ ಅದು ಉಸಿರಾಟದ ಸೋಂಕಿನ ಲಕ್ಷಣ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಈ ಆಮೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಸಾಕಿದ ಆಮೆಯನ್ನು ಎಂದಿಗೂ ಕಾಡಿಗೆ ಬಿಡಬಾರದು ಎನ್ನುವುದಕ್ಕೆ ಈ ರೋಗವೂ ಒಂದು ಕಾರಣ.

ಮುಕ್ಕರಿಯುವುದು, ಹಿಂಗಾಲು ಎಳೆಯುವುದು, ಗಸಿಯಲ್ಲಿ ರಕ್ತ ಕಾಣುವುದು, ಇವು ಮೂತ್ರಕೋಶದ ಕಲ್ಲಿನ ಲಕ್ಷಣಗಳು. ಹೆಣ್ಣಾಮೆಯಾದರೆ ಮೊಟ್ಟೆ ಸಿಕ್ಕಿಕೊಂಡಿರುವುದೂ ಹೀಗೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಎಕ್ಸ್-ರೇ ಬೇಕೇ ಬೇಕು. ಕಲ್ಲು ದೊಡ್ಡದಾಗಿದ್ದರೆ ಹೊಟ್ಟೆಯ ಚಿಪ್ಪನ್ನೇ ಕತ್ತರಿಸಿ ತೆಗೆಯಬೇಕಾದೀತು. ಸರೀಸೃಪಗಳಿಗೆ ಚಿಕಿತ್ಸೆ ಕೊಟ್ಟು ಅನುಭವವಿರುವ ಪಶುವೈದ್ಯರನ್ನೇ ಹುಡುಕಿ, ಅವರ ಫೋನ್ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಬಾಯಿಗೆ ಪಿಚಕಾರಿಯಿಂದ ನೀರು ಬಿಡುವ ಸಾಹಸ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಸರಿಪಡಿಸಿದ ನಂತರ

ದೋಷ ಸಿಕ್ಕ ಮೇಲೆ ಎರಡು ವಾರ ದಿನ ಬಿಟ್ಟು ದಿನ ನೆನೆಸಿ, ಗಸಿ ಮೆತ್ತಗಾಗುವ ತನಕ. ಆಮೇಲೆ ದೊಡ್ಡ ಆಮೆಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಾಕು. ಮರಿಗಳಿಗೆ ಮೈಯಲ್ಲಿ ದಾಸ್ತಾನು ಕಡಿಮೆಯಾದ್ದರಿಂದ ವಾರಕ್ಕೆ ಹಲವು ಸಲ ಬೇಕು. ಮರುಭೂಮಿ ಆಮೆ ಅಕ್ಟೋಬರ್‌ನಲ್ಲಿ ಮೇವು ಕಡಿಮೆ ಮಾಡಿ ಚಳಿನಿದ್ದೆಗೆ ಸಿದ್ಧವಾಗುವಾಗ ಒಂದೆರಡು ಸಲ ಚೆನ್ನಾಗಿ ನೆನೆಸಿ ಕಳಿಸಿ. ಮಾರ್ಚ್‌ನಲ್ಲಿ ಎದ್ದು ಬಂದಾಗ ಮೊದಲು ಕೊಡಬೇಕಾದದ್ದೂ ನೀರೇ.

ಜುಲೈನಲ್ಲಿ ಮುಂಗಾರು ಹಿಡಿದಾಗ ಬಿಲದೊಳಗೆ ನೀರು ನುಗ್ಗದಂತೆ ಬಾಯಿಗೆ ಸಣ್ಣ ದಿಬ್ಬ ಕಟ್ಟಿ. ಮೊದಲ ಮಳೆಗೆ ಆಮೆ ಹೊರಗೋಡಿ ಬಂದು ಅಂಗಳದ ತಗ್ಗಿನಲ್ಲಿ ನಿಂತ ನೀರಿಗೆ ಮೂತಿ ಇಳಿಸುವುದನ್ನು ನೋಡಬೇಕು. ತಾವೇ ಕಾಲಿನಿಂದ ಕೆರೆದು ಹಳ್ಳ ಮಾಡಿ ಮಳೆನೀರು ಹಿಡಿಯುವುದೂ ಉಂಟು. ಆ ತಗ್ಗುಗಳನ್ನು ಸಮ ಮಾಡಲು ಹೋಗಬೇಡಿ.

ಇಲ್ಲಿನ ನಮ್ಮವರಿಗೆ ಇನ್ನೊಂದು ತೊಡಕಿದೆ. ಮಕ್ಕಳಿಗೆ ಶಾಲೆಯ ರಜೆ ಜೂನ್–ಜುಲೈನಲ್ಲಿ, ಊರಿಗೆ ಹೊರಡುವುದೂ ಆಗಲೇ, ಆಮೆಗೆ ನೀರು ಅತ್ಯಂತ ಬೇಕಾದ ತಿಂಗಳೂ ಅದೇ. ಗಿಡಗಳ ಹನಿ ನೀರಾವರಿಯಿಂದ ಒಂದು ಕೊಳವೆಯನ್ನು ತಟ್ಟೆಗೆ ಎಳೆದು, ಟೈಮರನ್ನು ಸೂರ್ಯೋದಯಕ್ಕೆ ಮೊದಲು ಓಡುವಂತೆ ಇಡಿ. ಹಗಲು ಓಡಿದರೆ ಕಪ್ಪು ಕೊಳವೆಯೊಳಗೆ ಕಾದ ನೀರು ತಟ್ಟೆಗೆ ಬೀಳುತ್ತದೆ. ಹೊರಡುವ ಹದಿನೈದು ದಿನ ಮೊದಲೇ ಇದನ್ನು ನಡೆಸಿ ನೋಡಿ, ತಟ್ಟೆ ತುಂಬುವ ಹೊತ್ತು ಅಳೆದುಕೊಳ್ಳಿ. ಟೈಮರ್ ಇದ್ದರೂ ತಟ್ಟೆ ತೊಳೆಯಲು ಮನುಷ್ಯರೇ ಬೇಕು. ಪಕ್ಕದ ಮನೆಯವರಿಗೆ ಕೀಲಿ ಕೊಡುವಾಗ ಬರೆದುಕೊಡಬೇಕಾದದ್ದು ಇಷ್ಟು: ಬೆಳಿಗ್ಗೆ ತಟ್ಟೆ ತೊಳೆಯಬೇಕು, ಮರಳಿನಲ್ಲಿ ಹೆಜ್ಜೆ ಇದೆಯೇ ನೋಡಬೇಕು, ಮೂರು ದಿನ ಹೆಜ್ಜೆ ಕಾಣದಿದ್ದರೆ ಬೋಗುಣಿಯಲ್ಲಿ ನೆನೆಸಿ ಗಸಿಯ ಫೋಟೋ ಕಳಿಸಬೇಕು, ಅದರ ಕೆಳಗೆ ಪಶುವೈದ್ಯರ ಫೋನ್ ಸಂಖ್ಯೆ.